ಬೀಗರ ಬಿಡದಿಗೆ ಎಷ್ಟು ನಕ್ಷತ್ರ?

೨೦೦೩ನೆಯ ಇಸವಿ ಮೇ ತಿಂಗಳ ಹತ್ತನೆಯ ತಾರೀಖು, ಶನಿವಾರ, ಇಳಿಹೊತ್ತು, ಸ್ಥಳ ಚನ್ನರಾಯಪಟ್ಟಣ. ಆಧಾರ: ನನ್ನ ತಂಗಿಯ ಮಗಳು ವೀಣಾಳ ಲಗ್ನಪತ್ರಿಕೆ. ಪತ್ರಿಕೆಯನ್ನಷ್ಟೇ ನಂಬುವುದು ಬೇಡವೆಂದು ಆ ವರ್ಷದ ಪಂಚಾಂಗವನ್ನೂ ಅಟ್ಟದಿಂದ ಇಳಿಸಿ ನೋಡಿದೆ: ಸ್ವಭಾನು ಸಂವತ್ಸರ, ವೈಶಾಖ ಶುದ್ಧ ನವಮಿ. ವಾರವೂ ತಿಥಿಯೂ ಕೂಡಿಬರುತ್ತವೆ. ಮೈಸೂರಿನ ಒಂದು ಸಂಸ್ಥೆಯಲ್ಲಿ ಶಾಸನಗಳ ಕಾಲನಿರ್ಣಯ ಮಾಡುತ್ತಲೇ ಕೂದಲು ನರೆಸಿಕೊಂಡು, ನಿವೃತ್ತನಾಗಿ ಹೊಳೆನರಸೀಪುರಕ್ಕೆ ಮರಳಿದವನು ನಾನು. ಇಂದಿಗೂ ಯಾರಾದರೂ 'ಆಗ, ಆ ಕಾಲದಲ್ಲಿ' ಎಂದು ಮಾತು ಆರಂಭಿಸಿದರೆ 'ಯಾವಾಗ? ಯಾವ ಕಾಲದಲ್ಲಿ?' ಎಂದು ಕೇಳದೆ ಇರಲಾರೆ. ಈ ಕಾರಣಕ್ಕೆ ಮನೆಯಲ್ಲಿ ನನ್ನ ಎದುರು ಯಾರೂ ನೆನಪುಗಳನ್ನು ಹೇಳಿಕೊಳ್ಳುವುದಿಲ್ಲ.

ಪಂಚಾಂಗ ಮಗುಚುತ್ತಿದ್ದಾಗ ಅದರೊಳಗಿಂದ ಒಂದು ಕಾರ್ಡು ಜಾರಿ ಬಿತ್ತು. ಬೆಳ್ಳಿಯ ಬಣ್ಣ, ಉಬ್ಬಿದ ಅಕ್ಷರಗಳಲ್ಲಿ ನನ್ನ ಹೆಸರು. ನೋಡಿದೊಡನೆ ನಗು ಬಂತು. ನಾನು ಒಂದು ಕಾಲದಲ್ಲಿ (೧೯೯೮ರಿಂದ ೨೦೦೩ರವರೆಗೆ) ದೊಡ್ಡ ಹೋಟೆಲುಗಳ ಸರಪಣಿಯೊಂದರ 'ಬೆಳ್ಳಿ ದರ್ಜೆಯ ನಿಷ್ಠಾವಂತ ಸದಸ್ಯ'ನಾಗಿದ್ದೆ.

ನಿಷ್ಠೆಯ ಹಿನ್ನೆಲೆ ಇಷ್ಟೆ. ನಿವೃತ್ತಿಯ ಬಳಿಕ ಪ್ರವಾಸದ ಕಂಪನಿಯೊಂದು ವಿದೇಶೀಯರ ತಂಡಗಳಿಗೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ವಿವರಿಸಲು ನನ್ನನ್ನು ಕರೆಯುತ್ತಿತ್ತು. ತಂಡ ತಂಗಿದ ಹೋಟೆಲಿನಲ್ಲೇ ನನಗೂ ಒಂದು ಕೋಣೆ. ಹೋಟೆಲನ್ನು ಆರಿಸುತ್ತಿದ್ದವರು ಅವರು, ಹಣ ಕೊಡುತ್ತಿದ್ದವರು ಅವರು. ನಾನು ಮಾಡಿದ್ದೆಲ್ಲ ಮಲಗಿ ಎದ್ದದ್ದು. ಆದರೂ ಪ್ರತಿ ರಾತ್ರಿಗೆ ಇಷ್ಟೆಂದು ನನ್ನ ಹೆಸರಿಗೆ ಪಾಯಿಂಟುಗಳು ಸೇರುತ್ತಿದ್ದವು. ಸಾಕಷ್ಟು ಸೇರಿದಾಗ ಒಂದು ರಾತ್ರಿ ಬಿಟ್ಟಿಯಾಗಿ ತಂಗಬಹುದು. ನಿದ್ದೆ ಮಾಡಿದ್ದಕ್ಕೆ ಬಹುಮಾನವಾಗಿ ಇನ್ನಷ್ಟು ನಿದ್ದೆ ಕೊಡುವ ಈ ಏರ್ಪಾಡು ನನಗೆ ಅತ್ಯಂತ ನಾಗರಿಕವಾದದ್ದೆಂದು ತೋರಿತ್ತು.

ಹೋಟೆಲುಗಳ ತಾರಾಪದ್ಧತಿಯೂ ನನಗೆ ಹೊಸದೆನಿಸಲಿಲ್ಲ. ಒಂದರಿಂದ ಐದರವರೆಗೆ ನಕ್ಷತ್ರಗಳು; ಐದು ಸಿಕ್ಕವರು ಹೆಚ್ಚಾದ ಮೇಲೆ ಅವರಲ್ಲಿ ಮೇಲಿನವರನ್ನು ಗುರುತಿಸಲು 'ಐದು ನಕ್ಷತ್ರ ಡೀಲಕ್ಸ್'. ನಮ್ಮ ಶಾಸನಗಳಲ್ಲೂ ಹೀಗೆಯೇ. ಎಲ್ಲ ಪಾಳೆಯದ ಒಡೆಯರೂ ಮಹಾಮಂಡಳೇಶ್ವರರಾಗಿಬಿಟ್ಟಾಗ, ಅದರ ಹಿಂದೆ 'ಸಮಧಿಗತ ಪಂಚಮಹಾಶಬ್ದ' ಎಂದು ಸೇರಿಸಿಕೊಳ್ಳುತ್ತಿದ್ದರು. ಐದು ಬಗೆಯ ಮಂಗಳವಾದ್ಯಗಳನ್ನು ಬಾರಿಸಿಕೊಳ್ಳುವ ಅಧಿಕಾರ ಪಡೆದವರು ಎಂದು ಅರ್ಥ. ಆಗ ಐದು ವಾದ್ಯ, ಈಗ ಐದು ನಕ್ಷತ್ರ.

ಆದರೆ ನಮ್ಮ ಸೀಮೆಯಲ್ಲಿ ವಸತಿಯ ನಿಜವಾದ ವರ್ಗೀಕರಣ ನಡೆಯುತ್ತಿದ್ದುದು ಬೇರೆ ಕಡೆ: ಮದುವೆಯ ಬಿಡದಿಯಲ್ಲಿ. ಗಂಡಿನ ಕಡೆಯವರು ಬಂದು ಇಳಿಯಲು ಹೆಣ್ಣಿನ ಕಡೆಯವರು ಸಜ್ಜುಗೊಳಿಸಬೇಕಾದ ಮನೆಯೇ ಬಿಡದಿ. ನಾನು ಚಿಕ್ಕವನಿದ್ದಾಗ ಅರಕಲಗೂಡಿನ ನಮ್ಮ ಸೋದರತ್ತೆಯ ಮನೆಯ ಮದುವೆಯಲ್ಲಿ ಬಿಡದಿಯ ತಟ್ಟೆ ನನ್ನ ವಶದಲ್ಲಿತ್ತು. ಕನ್ನಡಿ, ಬಾಚಣಿಗೆ, ಕೊಬ್ಬರಿ ಎಣ್ಣೆ, ಪೌಡರು, ಇನ್ನೂ ಕಾಗದ ಬಿಚ್ಚದ ಸಾಬೂನು. ಬೀಗರಲ್ಲೊಬ್ಬರು ಕನ್ನಡಿಯಲ್ಲಿ ಮುಖ ನೋಡಿಕೊಂಡು, ಕನ್ನಡಿಯ ಒಂದು ಮೂಲೆ ಒಡೆದಿದೆಯೆಂದು ಪಾನಕ ಮುಟ್ಟಲಿಲ್ಲ. ನಮ್ಮ ತಂದೆ ಶಲ್ಯವನ್ನು ಸೊಂಟಕ್ಕೆ ಸುತ್ತಿ ಹೊಸ ಕನ್ನಡಿಗಾಗಿ ಪೇಟೆಗೆ ಓಡಿದ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಅದು ಯಾವ ವರ್ಷವೆಂಬುದಕ್ಕೆ ನನ್ನಲ್ಲಿ ಆಧಾರವಿಲ್ಲ. ಆದುದರಿಂದ ಹೆಚ್ಚು ಹೇಳುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿ ಶಾರದೆ ಚನ್ನರಾಯಪಟ್ಟಣದಲ್ಲಿ ಶಾಲೆಯ ಉಪಾಧ್ಯಾಯಿನಿ. ಅವಳ ಮಗಳಿಗೆ ಬೆಂಗಳೂರಿನ ಸಂಬಂಧ ಗೊತ್ತಾಯಿತು. ಹುಡುಗ ಒಳ್ಳೆಯವನು, ಅತ್ತೆಯಾಗುವವರು ಮೃದು. ತೊಡಕು ಒಂದೇ: ಹುಡುಗನ ದೊಡ್ಡಪ್ಪ ವೆಂಕಟೇಶಯ್ಯನವರು. ಮೂವತ್ತು ವರ್ಷ ಊರೂರು ಅಲೆದು ಹೋಟೆಲುಗಳನ್ನು ಪರಿಶೀಲಿಸಿ ನಕ್ಷತ್ರ ಕೊಡುವ ಸಮಿತಿಗಳಲ್ಲಿದ್ದು ನಿವೃತ್ತರಾದವರು. ಹಿಂದಿನ ವರ್ಷ ಹುಡುಗನ ಅಣ್ಣನ ಮದುವೆಯಲ್ಲಿ, ಬಿಡದಿಯ ಬಚ್ಚಲಿಗೆ ಬಿಸಿನೀರು ಬರಲಿಲ್ಲವೆಂದು ವರಪೂಜೆಗೆ ಬಾರದೆ ಮತ್ತೆ ಬಸ್ಸು ಹತ್ತಿ ಕೂತಿದ್ದರಂತೆ. ಆ ಮನೆಯ ಸೊಸೆ ಇಂದಿಗೂ ಆ ಬಿಸಿನೀರಿನ ಮಾತು ಕೇಳುತ್ತಿದ್ದಾಳೆಂದು ಸುದ್ದಿ.

"ಊಟದಲ್ಲಿ ಉಪ್ಪು ಹೆಚ್ಚು ಕಡಿಮೆ ಆದ್ರೆ ಆಗಲಿ ಅಣ್ಣಾ" ಎಂದಳು ಶಾರದೆ. "ಬಿಡದಿ ವಿಷಯದಲ್ಲಿ ಒಂದು ಮಾತು ಬರಬಾರದು. ನಾಳೆ ನನ್ನ ಮಗಳು ಆ ಮನೇಲಿ ಬಾಳಬೇಕು. ಅವಳು ತಲೆ ತಗ್ಗಿಸ್ಕೊಂಡು ಒಳಗೆ ಹೋಗಬಾರದು."

ಆಗ ನನಗೆ ಬೆಳ್ಳಿಯ ಕಾರ್ಡು ನೆನಪಾಯಿತು. ಹಾಸನದ ಹೊರವಲಯದಲ್ಲಿ ಅದೇ ಸರಪಣಿಯ ಹೋಟೆಲೊಂದಿತ್ತು; ಫಲಕದ ನಕ್ಷತ್ರಗಳನ್ನು ನಾನೇ ಎಣಿಸಿದ್ದೆ, ಐದು. ಪಾಯಿಂಟುಗಳ ವಾಯಿದೆ ಏಪ್ರಿಲ್ ಕೊನೆಗೆ ತೀರುತ್ತಿತ್ತಾದರೂ ಈಗಲೇ ಕಾದಿರಿಸಿದರೆ ಮೇ ತಿಂಗಳಿಗೂ ಸಲ್ಲುತ್ತಿತ್ತು. ದೊಡ್ಡಪ್ಪನವರನ್ನು ಅಲ್ಲಿ ಇಳಿಸಿದರೆ ಮುಗಿಯಿತಲ್ಲ! ತಂಗಿಯನ್ನು ಕೇಳದೆಯೇ ನಾನು ಬೆಂಗಳೂರಿಗೆ ಫೋನು ಮಾಡಿದೆ. ವೆಂಕಟೇಶಯ್ಯನವರು ನನ್ನ ಮಾತನ್ನು ಪೂರ್ತಿ ಕೇಳಿದರು.

"ತಾವು ಇತಿಹಾಸದವರಂತೆ?" ಎಂದರು.

"ಶಾಸನ ವಿಭಾಗ."

"ಹಾಗಾದ್ರೆ ಹೇಳಿ. ಒಂದು ಮದುವೆಗೆ ಬೀಗರ ಬಿಡದಿಯನ್ನ ಎರಡು ಊರಲ್ಲಿ ಮಾಡಿದ ದಾಖಲೆ ಎಲ್ಲಾದ್ರೂ ಇದೆಯೇನ್ರೀ?"

"ಇಲ್ಲ" ಎಂದು ಒಪ್ಪಿಕೊಂಡೆ.

"ನನಗೆ ಐದು ನಕ್ಷತ್ರ, ನನ್ನ ತಮ್ಮನಿಗೆ ಛತ್ರ. ಇದು ಮರ್ಯಾದೆನೋ ಅವಮಾನನೋ? ನಾನು ನಮ್ಮ ಜನದ ಜೊತೆ ಬರ್ತೀನಿ, ಜನದ ಜೊತೆ ಇಳೀತೀನಿ. ನಿಮ್ಮ ಬಿಡದಿ ಹೇಗಿದೆ ಅಂತ ಬಂದು ನೋಡ್ತೀನಿ."

ಆ 'ನೋಡ್ತೀನಿ' ಎಂಬ ಪದವನ್ನು ಶಾರದೆಗೆ ಹೇಳಿದಾಗ ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಸುಮ್ಮನೆ ಇದ್ದಿದ್ರೆ ಮದುವೆಗೆ ಬರ್ತಿದ್ರು. ಈಗ ಇನ್‌ಸ್ಪೆಕ್ಷನ್ನಿಗೆ ಬರ್ತಾರೆ. ನೀನು ಶಾಸನ ಓದ್ಕೊಂಡು ಇರಬಾರದಿತ್ತಾ ಅಣ್ಣಾ?"

ಅವಳ ಮಾತಿನಲ್ಲಿ ಸತ್ಯವಿತ್ತು. ಆದರೆ ಶಾರದೆ ಬೈದು ಮುಗಿಸಿದ ಮೇಲೆ ಯೋಚಿಸುವ ಜಾತಿಯವಳು. ಮಾರನೆಯ ದಿನ ಅವಳೇ ಫೋನು ಮಾಡಿದಳು: "ಆ ಪಾಯಿಂಟು ಹಾಳಾಗೋದು ಯಾಕೆ? ಅವರು ಮೂವತ್ತು ವರ್ಷ ಏನು ನೋಡಿದಾರೋ ಅದನ್ನ ನಾವು ಒಂದು ಸಲ ನೋಡಿಬಿಡೋಣ."

ನನ್ನ ವೃತ್ತಿಜೀವನದಲ್ಲಿ ಎಷ್ಟೋ ಕ್ಷೇತ್ರಕಾರ್ಯ ಮಾಡಿದ್ದೇನೆ. ಇಷ್ಟು ಮೆತ್ತಗಿನದನ್ನು ಮಾಡಿರಲಿಲ್ಲ.

ಕಾದಿರಿಸಲು ಫೋನು ಮಾಡಿದಾಗ ಆ ಕಡೆಯ ಹುಡುಗಿಯನ್ನು ಒಂದು ಸಂಗತಿ ಸ್ಪಷ್ಟಪಡಿಸಲು ಕೋರಿದೆ: ವಾಯಿದೆ ತೀರುವುದೆಂದರೆ ಕೊನೆಯ ದಿನದ ಆರಂಭಕ್ಕೋ ಅಂತ್ಯಕ್ಕೋ, ಮತ್ತು ದಿನವನ್ನು ಅವರು ಸೂರ್ಯೋದಯದಿಂದ ಎಣಿಸುತ್ತಾರೋ ಮಧ್ಯರಾತ್ರಿಯಿಂದಲೋ. ಅವಳು ನನ್ನನ್ನು ಬಹಳ ಹೊತ್ತು ಫೋನಿನ ಸಂಗೀತಕ್ಕೆ ಒಪ್ಪಿಸಿ ಹೋಗಿಬಿಟ್ಟಳು. ಕೊನೆಗೆ ಯಾರೋ ಹಿರಿಯರು ಬಂದು, "ಸಾರ್, ನೀವು ಯಾವಾಗ ಬಂದರೂ ಸರಿ" ಎಂದರು. ಕಾಲನಿರ್ಣಯದಲ್ಲಿ ಇಂಥ ಔದಾರ್ಯವನ್ನು ನಾನು ವಿದ್ವಾಂಸರಲ್ಲಿ ಕಂಡಿಲ್ಲ.

ಸದಸ್ಯ ಸ್ವತಃ ತಂಗಬೇಕೆಂಬ ನಿಯಮ ಆಗಲೇ ನನಗೆ ತಿಳಿದದ್ದು; ಜೊತೆಗೆ ಒಬ್ಬರನ್ನು ಕರೆತರಬಹುದಿತ್ತು. ಅಣ್ಣ ತಂಗಿ ಇಬ್ಬರೂ ಹಾಸನದ ಬಸ್ಸಿಳಿದು ಆಟೋ ಹಿಡಿದು ಹೋದೆವು. ಪಾಯಿಂಟುಗಳು ಕೋಣೆಗೆ ಮಾತ್ರ, ರಾತ್ರಿಯ ಊಟಕ್ಕಲ್ಲವೆಂದು ತಿಳಿಸಿದ್ದೆನಾದ್ದರಿಂದ ಶಾರದೆಯ ಚೀಲದಲ್ಲಿ ಚಪಾತಿ, ಚಟ್ನಿಪುಡಿ, ಮೊಸರನ್ನದ ಡಬ್ಬಿ ಇದ್ದವು. ಸಮವಸ್ತ್ರದವನು ಆ ಚೀಲವನ್ನು ವಿನಯದಿಂದ ಕೈಗೆತ್ತಿಕೊಂಡು ಮುಂದೆ ನಡೆದಾಗ ಅವಳು ಗಾಬರಿಯಾಗಿ ಅವನ ಹಿಂದೆಯೇ ನಡೆದಳು. "ನೇರವಾಗಿ ಹಿಡ್ಕೊಳಪ್ಪಾ, ಮೊಸರು ಚೆಲ್ಲತ್ತೆ."

ನಾನು ಕೋಣೆಯಲ್ಲಿ ಗಮನಿಸಿದ್ದು ವಸ್ತುಗಳನ್ನು: ಒಗೆದ ಟವಲುಗಳು, ಇಸ್ತ್ರಿಪೆಟ್ಟಿಗೆ, ಬೂಟಿಗೆ ಹೊಳಪು ಕೊಡುವ ಬಟ್ಟೆ, ವೈದ್ಯರನ್ನು ಕರೆಸುವ ಸೂಚನೆ. ಶಾರದೆ ಗಮನಿಸಿದ್ದು ಬೇರೆ. ಸಂಜೆ ಹುಲ್ಲುಹಾಸಿನ ಮೇಲೆ ಸುತ್ತಾಡಿ ಮರಳಿದಾಗ ಯಾರೋ ಬಂದು ಹೊದಿಕೆಯ ಅಂಚನ್ನು ಮಡಿಸಿ, ಎರಡು ದಿಂಬುಗಳ ಮೇಲೂ ಒಂದೊಂದು ಚಾಕಲೇಟು ಇಟ್ಟುಹೋಗಿದ್ದರು. ಅವಳು ಬಾಗಿಲ ಬಳಿಯೇ ನಿಂತಳು.

"ಕೆಳಗಡೆ ಆ ಹುಡುಗಿ ನಿನ್ನ ಹೆಸರು ಹಿಡಿದು ಕರೆದಳಲ್ಲ, ಅವಳಿಗೆ ಹೆಂಗೆ ಗೊತ್ತು?"

"ಕಾದಿರಿಸುವಾಗ ಕೊಟ್ಟಿದ್ದೆ."

"ಅಂದ್ರೆ ನಾವು ಬರೋಕೆ ಮುಂಚೇನೇ ನಾವು ಯಾರು ಅಂತ ತಿಳ್ಕೊಂಡಿರ್ತಾರೆ. ಬಂದ ಮೇಲೆ ಏನೂ ಕೇಳಲ್ಲ." ಹಾಸಿಗೆಯ ಅಂಚಿನ ಮೇಲೆ ಕೂತಳು. "ನಾವು ಮದುವೇಲಿ ಏನು ಮಾಡ್ತೀವಿ? ಕಾಫಿ ಬೇಕಾ, ನೀರು ಬೇಕಾ, ದಿಂಬು ಬೇಕಾ ಅಂತ ಕೇಳಿ ಕೇಳಿ ಬಂದೋರ ಪ್ರಾಣ ತಿಂತೀವಿ. ಇವರ ವಿದ್ಯೆ ಇಷ್ಟೇ ಅಣ್ಣಾ. ಪ್ರತಿ ವರ್ಷ ಜೂನಲ್ಲಿ ಹೊಸ ಮಕ್ಕಳ ಹೆಸರೆಲ್ಲ ಒಂದೇ ವಾರದಲ್ಲಿ ಬಾಯಿಗೆ ಬರತ್ತೆ ನನಗೆ. ಬೀಗರದ್ದು ಬರಲ್ವಾ?"

ಅಷ್ಟು ಹೇಳಿ ಮೊಸರನ್ನದ ಡಬ್ಬಿ ಬಿಚ್ಚಿದಳು. ರತ್ನಗಂಬಳಿಯ ಮೇಲೆ ದಿನಪತ್ರಿಕೆ ಹಾಸಿಕೊಂಡು ನಾವಿಬ್ಬರೂ ಉಂಡ ಆ ಊಟಕ್ಕೆ ಎಷ್ಟು ನಕ್ಷತ್ರವೆಂದು ಯಾವ ಸಮಿತಿಯೂ ಹೇಳಲಾರದು. ಬೆಳಗ್ಗೆ ಹೊರಡುವಾಗ ಅವಳು ಹಾಸಿಗೆಯನ್ನು ತಾನೇ ಸರಿಮಾಡಿ, ಹೊದಿಕೆಯ ಅಂಚನ್ನು ಅವರಂತೆಯೇ ಮಡಿಸಲು ಬರುತ್ತದೆಯೇ ಎಂದು ಎರಡು ಸಲ ಪರೀಕ್ಷಿಸಿದಳು.

ಮದುವೆಯ ಛತ್ರದ ಯಜಮಾನರು ಬೋರೇಗೌಡರು. ತೆಂಗಿನಕಾಯಿಯ ದೊಡ್ಡ ವ್ಯಾಪಾರ, ಊರಾಚೆ ಸ್ವಂತ ತೋಟ. ನಾವು ಹಾಸನದಿಂದ ಬಂದು ಸಂಗತಿ ತಿಳಿಸಿದಾಗ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಅಂಗಾರೆ ನಮ್ ಛತ್ರಕ್ಕೂ ನಕ್ಷತ್ರ ಬತ್ತದಾ ಸಾ?"

"ಕೊಡುವವರೇ ಬರುತ್ತಿದ್ದಾರೆ ಗೌಡರೇ."

"ಬರ್ಲಿ ಬುಡಿ. ಇಪ್ಪತ್ನಾಕು ಗಂಟೆ ಬಿಸ್ನೀರು ತಾನೆ ಬೇಕಾದ್ದು? ನಮ್ ಮಂಡೀಲಿ ಬಿದ್ದಿರೋ ತೆಂಗಿನ್ ಸಿಪ್ಪೆ ಸುಟ್ರೆ ಎಂಟ್ ಮದ್ವೆ ಬೀಗ್ರುನ್ನ ಬೇಯಿಸ್ಬೋದು."

"ಬೇಯಿಸೋದು ಬೇಡ ಗೌಡ್ರೇ, ಸ್ನಾನ ಮಾಡಿಸಿದ್ರೆ ಸಾಕು" ಎಂದಳು ಶಾರದೆ. "ಮೊದಲು ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಿಸಿ."

"ಆಕುಸ್ತೀನಿ ಟೀಚರಮ್ಮ. ನೀವ್ ಏಳುದ್ ಮೇಲೆ ಇಲ್ಲ ಅನ್ನಕ್ಕಾಯ್ತದಾ?"

ಮುಂದಿನ ವಾರಗಳಲ್ಲಿ ನಾನು ಹೋಟೆಲುಗಳ ದರ್ಜೆಯ ನಿಯಮಗಳನ್ನು ಸಂಗ್ರಹಿಸಿ, ಎರಡು ಪಾಠಗಳನ್ನು ಹೋಲಿಸಿ, ಅಡಿಟಿಪ್ಪಣಿಗಳೊಂದಿಗೆ ಗೌಡರಿಗೆ ವಿವರಿಸುತ್ತಿದ್ದೆ. ಶಾರದೆ ಹುಡುಗನ ತಾಯಿಗೆ ಫೋನು ಮಾಡುತ್ತಿದ್ದಳು. ಯಾರಿಗೆ ಮಂಡಿನೋವು, ಯಾರಿಗೆ ಸಕ್ಕರೆಯಿಲ್ಲದ ಕಾಫಿ, ಯಾರು ಫ್ಯಾನಿನ ಗಾಳಿಗೆ ಸೀನುತ್ತಾರೆ, ಯಾವ ಅಜ್ಜಿಗೆ ನೆಲದ ಮೇಲೆ ಮಲಗಿದರಷ್ಟೇ ನಿದ್ದೆ. ಎಲ್ಲವೂ ಅವಳ ಬಾಯಿಯಲ್ಲಿ ಹಾಜರಿಯಂತೆ ಕೂತಿತು. ನನ್ನ ವಿದ್ವತ್ತಿಗಿಂತ ಅವಳ ಹರಟೆಗೆ ಗೌಡರು ಹೆಚ್ಚು ಬೆಲೆ ಕೊಡುತ್ತಿದ್ದುದನ್ನು ಗಮನಿಸಿಯೂ ಗಮನಿಸದಂತೆ ಇದ್ದೆ.

ಹೀಗೆ ಬಂತು ಮೇ ಹತ್ತು, ಶನಿವಾರ, ಇಳಿಹೊತ್ತು. ಓಲಗ ಮೊಳಗಿತು. ಬಸ್ಸು ನಿಂತಿತು. ಮೊದಲು ಇಳಿದವರೇ ವೆಂಕಟೇಶಯ್ಯನವರು: ಎತ್ತರದ ಆಳು, ಬೂದುಬಣ್ಣದ ಸಫಾರಿ. ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಕುಡಿದರು. ಬಿಡದಿಯ ಹೊಸ್ತಿಲು ದಾಟುವಾಗ ಅವರ ಕೈ ತಾನಾಗಿ ಮೇಲೆ ಹೋಗಿ, ಬಾಗಿಲ ಚೌಕಟ್ಟಿನ ಮೇಲಂಚನ್ನು ಸವರಿತು. ಬೆರಳು ನೋಡಿಕೊಂಡರು. ಬೆರಳು ಶುಭ್ರವಾಗಿತ್ತು. ಶಾರದೆ ಆರತಿಯ ತಟ್ಟೆ ಹಿಡಿದೇ ನಿಂತಿದ್ದಳು.

ನಲ್ಲಿ ತಿರುಗಿಸಿದರು, ಹಬೆಯಾಡುವ ನೀರು ಬಂತು. ಚಿಲಕ ಎಳೆದು ನೋಡಿದರು, ಕೂತಿತು.

"ಮಹಡಿ ಇದೆ. ಲಿಫ್ಟ್ ಎಲ್ಲಿ?" ಎಂದರು.

ಶಾರದೆ ಒಂದು ಹೆಜ್ಜೆ ಮುಂದೆ ಬಂದಳು. "ಮಂಡಿನೋವಿರೋ ಯಾರಿಗೂ ಮೇಲೆ ಕೋಣೆ ಕೊಟ್ಟಿಲ್ಲ. ನಿಮ್ಮ ಅಕ್ಕಯ್ಯನವರು, ರಾಜಮ್ಮನವರು, ನಿಮ್ಮ ಮನೆಯವರು, ಎಲ್ಲರಿಗೂ ಕೆಳಗೇ."

ಅವರು ಹುಬ್ಬೇರಿಸಿ ಅವಳ ಕಡೆ ನೋಡಿದರು. ತಮ್ಮ ಅಕ್ಕನ ಮಂಡಿಯನ್ನು ಚನ್ನರಾಯಪಟ್ಟಣ ಬಲ್ಲದೆಂದು ಅವರು ನಿರೀಕ್ಷಿಸಿರಲಿಲ್ಲ. ಸುತ್ತ ಆಗಲೇ ಕಾಫಿ ಹಂಚಿಕೆಯಾಗುತ್ತಿತ್ತು. ಯಾರನ್ನೂ ಯಾರೂ ಏನೂ ಕೇಳುತ್ತಿರಲಿಲ್ಲ. ಸಕ್ಕರೆಯದು ಸಕ್ಕರೆಯವರಿಗೆ, ಇಲ್ಲದ್ದು ಇಲ್ಲದವರಿಗೆ ಹೆಸರು ಹಿಡಿದು ತಲುಪುತ್ತಿತ್ತು.

"ಈಜುಕೊಳ?" ಎಂದರು, ಕೊನೆಯ ಅಸ್ತ್ರವೆಂಬಂತೆ.

ನಾನು ಬಾಯಿ ತೆರೆಯುವ ಮೊದಲೇ ಬೋರೇಗೌಡರು ಮುಂದಾದರು. "ನಮ್ ತ್ವಾಟದಲ್ಲಿ ಬಾವಿ ಅದೆ ಸಾ. ಮೆಟ್ಲೂ ಅವೆ. ನೀರ್ ಈ ಸಲ ವಸಿ ಕೆಳುಕ್ಕೋಗದೆ. ಟವಲ್ ತರುಸ್ಲಾ?"

ಬಸ್ಸಿನಿಂದಿಳಿದವರೆಲ್ಲ ನಕ್ಕರು. ವೆಂಕಟೇಶಯ್ಯನವರು ನಗಲಿಲ್ಲ. ನೇರವಾಗಿ ತಮಗೆ ಗೊತ್ತುಮಾಡಿದ್ದ ಕೋಣೆಗೆ ನಡೆದರು. ಹೊದಿಕೆಯ ಅಂಚು ಹಾಸನದಲ್ಲಿ ಕಲಿತಂತೆಯೇ ಮಡಿಸಿತ್ತು. ಹೆಂಡತಿಯ ದಿಂಬಿನ ಮೇಲೆ ಬಾಳೆಲೆಯ ತುಣುಕಿನಲ್ಲಿ ಕೊಬ್ಬರಿ ಮಿಠಾಯಿ. ತಮ್ಮ ದಿಂಬಿನ ಮೇಲೂ ಬಾಳೆಲೆ. ಅದರಲ್ಲಿ ಮಾತ್ರ ಮಿಠಾಯಿ ಇರಲಿಲ್ಲ. ಕೊಣನೂರಿನ ಕಡೆಯಿಂದ ಶಾರದೆ ತರಿಸಿದ್ದ, ಉಪ್ಪು ಹಚ್ಚಿ ಒಣಗಿಸಿದ ನೆಲ್ಲಿಕಾಯಿ ಇತ್ತು.

ಅವರು ಪಕ್ಕದ ಕೋಣೆಗೆ ಹೋಗಿ ನೋಡಿದರು: ಮಿಠಾಯಿ. ಅದರಾಚೆಯದು: ಮಿಠಾಯಿ. ಹಿಂದಿರುಗಿ ಬಂದು ತಮ್ಮ ಹಾಸಿಗೆಯ ಮುಂದೆ ನಿಂತರು. ನಾನು ಬಾಗಿಲಲ್ಲಿದ್ದೆ. ಶಾರದೆ ನನ್ನ ಹಿಂದಿದ್ದಳು. ಭೇದ ಮಾಡಿದರೆಂದು ಕೆರಳುವರೋ ಎಂಬ ಭಯ ಇಬ್ಬರಿಗೂ.

"ನನಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷ ಮೇಲಾಯ್ತು" ಎಂದರು, ನಮ್ಮ ಕಡೆ ತಿರುಗದೆ. "ಎಷ್ಟು ಹೋಟೆಲು, ಎಷ್ಟು ದಿಂಬು. ಎಲ್ಲಾ ಕಡೆ ಚಾಕಲೇಟು. ಎತ್ತಿ ಮೇಜಿನ ಮೇಲಿಟ್ಟು ಮಲಗ್ತಿದ್ದೆ. ನಾನು ತಿನ್ನಬಹುದಾದ್ದನ್ನ ಯಾರೂ ಇಟ್ಟಿರಲಿಲ್ಲ."

ನೆಲ್ಲಿಕಾಯಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡರು, ಉಳಿದದ್ದು ಕೈಯಲ್ಲೇ. ಜಗಲಿಗೆ ಬಂದರು. ಎರಡೂ ಕಡೆಯವರು ಅತ್ತ ತಿರುಗಿದರು. ವಿಡಿಯೋದವನ ದೀಪ ಅವರ ಮುಖದ ಮೇಲೆ ಬಿತ್ತು. ಅವರು ಬಲಗೈ ಎತ್ತಿದರು.

"ಐದು!" ಎಂದರು. "ಡೀಲಕ್ಸ್ ಕೊಡೋಣ ಅಂದ್ರೆ ಈಜುಕೊಳ ಇಲ್ಲ."

"ಬಾವಿ ಅದಲ್ಲಾ ಸಾ!" ಎಂದು ಗೌಡರು ಕೂಗಿದರು. ಈ ಸಲ ವೆಂಕಟೇಶಯ್ಯನವರೂ ನಕ್ಕರು. ಓಲಗದವರು ಯಾರ ಅಪ್ಪಣೆಗೂ ಕಾಯದೆ ಬಾರಿಸತೊಡಗಿದರು. ಐದು ಮಹಾಶಬ್ದಗಳನ್ನು ಪಡೆದ ಮಹಾಮಂಡಳೇಶ್ವರನಿಗೂ ಆ ಸಂಜೆ ನನ್ನ ತಂಗಿಯ ಮುಖದಲ್ಲಿದ್ದ ಕಳೆ ಇದ್ದಿರಲಾರದು. ಮರುದಿನ ದಶಮಿ, ಭಾನುವಾರ, ಮಿಥುನ ಲಗ್ನದಲ್ಲಿ ಧಾರೆಯಾಯಿತು. ಸೋದರಮಾವನಾದ ನಾನು ವೀಣಾಳ ಕೈ ಹಿಡಿದು ಮಂಟಪಕ್ಕೆ ಕರೆತಂದಾಗ ಅವಳ ತಲೆ ನೆಟ್ಟಗಿತ್ತು. ಗೌಡರು ತಿಂಗಳೊಳಗೆ ಛತ್ರದ ಫಲಕದಲ್ಲಿ ಐದು ನಕ್ಷತ್ರ ಬರೆಸಿದರು. 'ಯಾರಾದರೂ ತಗಾದೆ ತೆಗೆದರೆ?' ಎಂದು ನಾನು ಕೇಳಿದ್ದಕ್ಕೆ, "ಕೊಟ್ಟೋರ್ ಎಸ್ರು ಏಳ್ತೀನಿ ಸಾ" ಎಂದರು. ಆ ಮನೆಯಲ್ಲಿ ವೀಣಾ ಬಿಡದಿಯ ಮಾತು ಕೇಳುತ್ತಲೇ ಇದ್ದಾಳೆ, ಹೌದು. ಹೊಸ ಬೀಗರಿಗೆಲ್ಲ ವೆಂಕಟೇಶಯ್ಯನವರು 'ಚನ್ನರಾಯಪಟ್ಟಣದವರು ಮಾಡಿದಂತೆ ಮಾಡಿ' ಎನ್ನುತ್ತಾರೆ.

ಇಷ್ಟನ್ನು ಬರೆದು ಮುಗಿಸಿದ ಮೇಲೆ, ಒಂದು ಆಧಾರವನ್ನು ನೋಡದೆ ಬಿಟ್ಟದ್ದು ಸರಿಯಲ್ಲವೆನಿಸಿತು. ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ವೀಣಾಳ ಗಂಡ ಸಿ.ಡಿ.ಗೆ ಇಳಿಸಿಕೊಟ್ಟಿದ್ದ. ಹಾಕಿ ನೋಡಿದೆ. ಮಾತಿನ ಧ್ವನಿ ಇಲ್ಲ. ಆ ಕಾಲದ ರೂಢಿಯಂತೆ ಉದ್ದಕ್ಕೂ ನಾದಸ್ವರ ಜೋಡಿಸಿದ್ದಾರೆ. ಜಗಲಿ ಬಂತು. ವೆಂಕಟೇಶಯ್ಯನವರು ಬಲಗೈ ಎತ್ತಿದರು. ಚಿತ್ರವನ್ನು ಅಲ್ಲಿಯೇ ನಿಲ್ಲಿಸಿದೆ.

ನಾಲ್ಕು ಬೆರಳು.

ಮತ್ತೆ ಹಾಕಿದೆ, ಮತ್ತೆ ನಿಲ್ಲಿಸಿದೆ. ನಾಲ್ಕೇ. ಎರಡು ಮನೆತನಗಳು ಇಷ್ಟು ವರ್ಷ ಐದೆಂದು ಹೇಳಿಕೊಂಡು ಬಂದದ್ದನ್ನು, ಗೌಡರು ಫಲಕಕ್ಕೇರಿಸಿದ್ದನ್ನು, ನಾನು ಈಗಷ್ಟೇ ಬರೆದದ್ದನ್ನು ಸಮಕಾಲೀನ ದಾಖಲೆ ಅಲ್ಲಗಳೆಯುತ್ತಿತ್ತು. ವೃತ್ತಿಧರ್ಮಕ್ಕೆ ಅನುಸಾರವಾಗಿ ಶಾರದೆಗೆ ಫೋನು ಮಾಡಿ ತಿಳಿಸಿದೆ.

ಅವಳು ಒಂದು ಕ್ಷಣವೂ ತಡೆಯಲಿಲ್ಲ. "ಹೆಬ್ಬೆರಳು ಎಲ್ಲಿದೆ ನೋಡು ಅಣ್ಣಾ."

ಭೂತಗನ್ನಡಿ ತಂದು ನೋಡಿದೆ. ಹೆಬ್ಬೆರಳು ಅಂಗೈಗೆ ಮಡಿಚಿತ್ತು. ಅದರ ಅಡಿಯಲ್ಲಿ ಏನೋ ಕಪ್ಪಗೆ, ಚಿಕ್ಕದು. ನೆಲ್ಲಿಕಾಯಿ.

ಶಾಸನದ ಕಲ್ಲು ಸವೆದು ಅಕ್ಷರವೊಂದು ಕಾಣದಿದ್ದಾಗ, ಅಲ್ಲಿ ಏನಿದ್ದಿರಬೇಕೆಂದು ಸಂದರ್ಭವೇ ಸಾರುತ್ತಿದ್ದರೆ, ಅದನ್ನು ಚೌಕ ಕಂಸದಲ್ಲಿ ತುಂಬಿಕೊಡುವ ಅಧಿಕಾರ ಶಾಸನತಜ್ಞನಿಗುಂಟು. ಆ ಅಧಿಕಾರವನ್ನು ನಾನು ಜೀವನದಲ್ಲಿ ಇಷ್ಟು ಸಂತೋಷದಿಂದ ಚಲಾಯಿಸಿರಲಿಲ್ಲ. ದಾಖಲೆಯ ಪಾಠವನ್ನು ಹೀಗೆ ನಿಗದಿಪಡಿಸಿದ್ದೇನೆ: ಚನ್ನರಾಯಪಟ್ಟಣದ ಬಿಡದಿ, ಸ್ವಭಾನು ಸಂವತ್ಸರ, ವೈಶಾಖ ಶುದ್ಧ ನವಮಿ, ನಕ್ಷತ್ರ ನಾಲ್ಕು [ಮತ್ತೊಂದು].